ಟೈಮ್ ಇಲ್ಲದಾಗ ಮನೆ ಅಡುಗೆ: ಮೊದಲು ಡಬ್ಬಿ ತುಂಬಿ

ಪಾರ್ಸೆಲ್ ಬಿಟ್ಟು ಮತ್ತೆ ಮನೆ ಅಡುಗೆಗೆ ಬರೋರು ಒಂದೇ ಸಲ ವಾರದ ಪಟ್ಟಿ ಬರೆಯೋಕೆ ಹೋಗಬೇಡಿ, ಬುಧವಾರದ ಹೊತ್ತಿಗೆ ಅದು ಮೂಲೆ ಸೇರುತ್ತದೆ. ನಮ್ಮ ರಾಯಚೂರಿನ ಬಿಸಿಲಲ್ಲೂ ಫ್ರಿಜ್ ಇಲ್ಲದೆ ನಿಲ್ಲೋದು ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು (ಹುಚ್ಚೆಳ್ಳು) ಪುಡಿ. ಭಾನುವಾರ ಇವಿಷ್ಟು ಡಬ್ಬಿಗೆ ತುಂಬಿಡಿ. ರೊಟ್ಟಿ ಬಡಿಯೋಕೆ ಆಗಲ್ವಾ? ಮಾಡಿ ಮಾರೋರ ಹತ್ತಿರ ತಗೊಳ್ಳಿ, ನಾಚಿಕೆ ಯಾಕೆ.

ಪುಂಡಿಪಲ್ಯ, ಅಂದ್ರೆ ಹುಳಿ ಗೋಂಗುರ ಸೊಪ್ಪಿನ ಪಲ್ಯ, ಮಾತ್ರ ಜಾಸ್ತಿನೇ ಮಾಡಿ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಸೊಪ್ಪಿನ ಜೊತೆ ಕುಕ್ಕರಿಗೆ ಹಾಕಿ, ಚೆನ್ನಾಗಿ ಮಸೆದು, ಬೆಳ್ಳುಳ್ಳಿ ಕೆಂಪಾಗುವವರೆಗೆ ಕಾಯಿಸಿದ ಎಣ್ಣೆ ಸುರಿದರೆ ಮುಗೀತು, ಮರುದಿನ ಇನ್ನೂ ರುಚಿ. ಹುಳಿ ಅಲ್ವಾ, ಸ್ಟೀಲ್ ಪಾತ್ರೆಯಲ್ಲೇ ತೆಗೆದಿಡಿ. ತರಕಾರಿ ಖಾಲಿಯಾದ ದಿನ ಕಡಲೆಹಿಟ್ಟಿನ ಜುಣಕ, ಜೊತೆಗೆ ಮೊಸರು. ಬೇರೆ ಏನೂ ಬೇಡ.