ಮನಸ್ಸು ಬರಲೆಂದು ಕಾಯದೆ ಓದಿಗೆ ಕೂರುವುದು ಹೇಗೆ?

ಕಲಬುರಗಿ ಸೀಮೆಯಲ್ಲಿ ತೊಗರಿಯ ರಾಶಿ ನಡೆಯುವ ಡಿಸೆಂಬರ್–ಜನವರಿಯ ಹೊತ್ತಿಗೆ ಹತ್ತನೆಯ ತರಗತಿಯ ಪಾಠಗಳು ಮುಗಿಯುತ್ತ ಬಂದಿರುತ್ತವೆ. ಆದರೆ ಹೊಲಕ್ಕೆ ಹೋಗಿ ಬಂದ ಹುಡುಗ ಹುಡುಗಿಯರಿಗೆ ಸಂಜೆ ಪುಸ್ತಕ ಬಿಚ್ಚುವ ಮನಸ್ಸಿರುವುದಿಲ್ಲ. ಮನಸ್ಸು ಬಂದ ಮೇಲೆ ಓದಿದರಾಯಿತು ಎಂದುಕೊಂಡವರು ಹಾಗೆಯೇ ಉಳಿಯುತ್ತಾರೆ. ಬಹಳಷ್ಟು ಸಲ ಓದಲು ಕುಳಿತು, ಒಂದಿಷ್ಟು ತಿಳಿದ ಮೇಲೆಯೇ ಆಸಕ್ತಿ ಹುಟ್ಟುತ್ತದೆ.

ಆದ್ದರಿಂದ ಮೊದಲು ಹೊತ್ತನ್ನೂ ಜಾಗವನ್ನೂ ಗೊತ್ತುಮಾಡಿಕೊಳ್ಳಿರಿ. ‘ನಾಳೆಯಿಂದ ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಅವ್ವ ರೊಟ್ಟಿ ಬಡಿಯಲು ಕುಳಿತ ಕೂಡಲೇ ಪಡಸಾಲೆಯಲ್ಲಿ ಎರಡು ಲೆಕ್ಕ ಬಿಡಿಸುತ್ತೇನೆ’ ಎಂಬುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಪರೀಕ್ಷೆಯಲ್ಲಿ ಎಷ್ಟು ಅಂಕಗಳು ಬರುತ್ತವೆಂಬುದು ಇಂದು ನಿಮ್ಮ ಕೈಯಲ್ಲಿಲ್ಲ, ಆ ಎರಡು ಲೆಕ್ಕಗಳು ಇವೆ.

ಮುಂದಿನದು, ‘ಗಣಿತವೇ ಬರುವುದಿಲ್ಲ’ ಎನ್ನುವುದನ್ನು ಬಿಟ್ಟು, ತೊಡಕು ಯಾವ ಸಾಲಿನಲ್ಲಿದೆ ಎಂದು ಹುಡುಕುವುದು. ನಾನು ಕಲಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿ ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದನ್ನು) ಆರು ಸಲ ನೋಡಿ ಬರೆದಿದ್ದಳು. ಪುಸ್ತಕ ಮುಚ್ಚಿ ಬರೆಯಲು ಹೇಳಿದಾಗ ಲಂಬ ಎಳೆಯುವಲ್ಲಿಗೆ ಬಂದು ಪೆನ್ಸಿಲ್ ನಿಂತಿತು. ಅಕ್ಕಪಕ್ಕದ ಎರಡೂ ತ್ರಿಭುಜಗಳಿಗೆ ಆ ಲಂಬವೇ ಎತ್ತರ, ಹಾಗಾಗಿ ವಿಸ್ತೀರ್ಣಗಳ ಅನುಪಾತವೆಂದರೆ ಪಾದಗಳ ಅನುಪಾತವೇ ಎಂದು ತಿಳಿದದ್ದೇ ತಡ, ಉಳಿದ ಸಾಲುಗಳನ್ನು ತಾನೇ ಬರೆದು, ಮುಂದಿನ ಲೆಕ್ಕ ಕೊಡಿ ಎಂದಳು. ನೂರು ಸಲ ಬುದ್ಧಿ ಹೇಳಿದ್ದರೂ ಆ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ.

ಮುಚ್ಚಿ ಬರೆಯುವ ಈ ಕ್ರಮಕ್ಕೆ ಪ್ರಯೋಗದ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ಬಂದಂತೆ ತೋರುವುದು ಇದೇ ಕಾರಣಕ್ಕೆ.

ಪಾಲಕರಿಗೂ ಒಂದು ಮಾತು. ‘ಪಾಸಾದರೆ ಮೊಬೈಲ್ ಕೊಡಿಸುತ್ತೇನೆ’ ಎಂಬ ಆಸೆ ತೋರಿಸುವುದು ನನಗೆ ಸರಿಕಾಣದು. 1971ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಿದ್ದಕ್ಕೆ ಹಣ ಪಡೆದವರು ಹಣ ನಿಂತ ಮೇಲೆ ಬಿಡುವಿನಲ್ಲಿ ಅದರತ್ತ ಕೈಚಾಚುವುದನ್ನು ಕಡಿಮೆ ಮಾಡಿದ್ದರು. ಇಂದು ಏನು ತಿಳಿಯಿತೆಂದು ಮಗುವನ್ನು ಕೇಳಿ, ಅದು ಹೇಳುವುದನ್ನು ಕುಳಿತು ಕೇಳಿಸಿಕೊಂಡರೆ ಸಾಕು.

ರಾಶಿಯ ದಿನಗಳಲ್ಲಿ ಮೈ ದಣಿದಿದ್ದರೆ ಎರಡು ಲೆಕ್ಕದ ಬದಲು ಒಂದೇ ಬಿಡಿಸಿರಿ, ಅದೇ ಹೊತ್ತಿಗೆ, ಅದೇ ಪಡಸಾಲೆಯಲ್ಲಿ.