ಕಾರವಾರದ ಕ್ಲಾಸಿನಲ್ಲಿ ಕೋಲ್‌ರಿಜ್

ಈ ತಿಂಗಳ ಕೊನೆಗೆ ನಿವೃತ್ತಿ. ಮೊದಲು ಶಿರಸಿ, ಆಮೇಲೆ ಕಾರವಾರ. ಡಿಗ್ರಿ ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷ್ ಸಾಹಿತ್ಯ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದನ್ನು ಹೇಗೆ ದಾಟಿಸಿದಿರಿ ಎಂದು ಹೊಸಬರು ಕೇಳುತ್ತಾರೆ. ವಾಕ್ಯ ಕಟ್ಟಲು ಅವರು ಒದ್ದಾಡುತ್ತಿದ್ದದ್ದು ನಿಜ. ಆದರೆ ಕವಿತೆಗೆ ಬೇಕಾದ ಸಾಮಗ್ರಿ ಅವರ ಬಳಿ ನನಗಿಂತ ಹೆಚ್ಚೇ ಇತ್ತು.

ಶಿರಸಿಯಲ್ಲಿ ನೆರವಾದದ್ದು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ಕಲೆ. ಅದರಲ್ಲಿ ಪಾತ್ರವಾಗಿ ಮಾತಾಡುವವ ಅರ್ಥಧಾರಿ, ಅವನ ಮಾತೇ 'ಅರ್ಥ'. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ಮೂರನೇ ಅಂಕದಲ್ಲಿ ಸೀಸರನ ಕೊಲೆಯಾದ ಮೇಲೆ ಜನರೆದುರು, ಕೊಂದವರಲ್ಲೊಬ್ಬನಾದ ಬ್ರೂಟಸ್ ಗದ್ಯದಲ್ಲಿ, ಸೀಸರನ ಗೆಳೆಯ ಆಂಟನಿ ಪದ್ಯದಲ್ಲಿ ಮಾತಾಡುತ್ತಾರೆ. ಇಬ್ಬರು ಹುಡುಗರನ್ನು ಎದುರುಬದುರು ಕೂರಿಸಿ, ಮೊದಲು ಕನ್ನಡದಲ್ಲೇ ಅರ್ಥ ಹೇಳಿಸುತ್ತಿದ್ದೆ. ಪಾತ್ರ ಬಿಟ್ಟು ಮಾತಾಡುವಂತಿಲ್ಲ. ಮರುದಿನ, ತಾವು ಹೇಳಿದ್ದಕ್ಕೆ ಮೂಲದಲ್ಲಿ ಯಾವ ಸಾಲು ಆಧಾರ ಎಂದು ಹುಡುಕಬೇಕು. ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ಅದರ ನಂತರ. ಸಿದ್ದಾಪುರದ ಕಡೆಯ ಒಬ್ಬ ಕೇಳಿದ: "ಸರ್, ಎದುರಾಳಿಗೆ ಕಡೇ ಮಾತು ಬಿಟ್ಟು ಎದ್ದು ಹೋಗೋ ಅರ್ಥಧಾರಿ ಎಲ್ಲಾದ್ರೂ ಇದ್ನಾ?" ಆಂಟನಿಗೆ ಕಡೇ ಮಾತು ಬಿಟ್ಟು ಹೋದ ಬ್ರೂಟಸ್ ಸೋತದ್ದು ಅಲ್ಲೇ. ಗೈಡ್ ಬರೆಯುವವರಿಗೆ ಇದು ಹೊಳೆಯುವುದಿಲ್ಲ ಬಿಡಿ.

ಕಾರವಾರದಲ್ಲಿ ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮುದುಕ ನಾವಿಕನ ಕವಿತೆ, 'ದಿ ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್'. ಮೊದಲ ತಾಸು ಕವಿತೆಯ ಅರ್ಥ ವಿವರಿಸುತ್ತಿರಲಿಲ್ಲ, ಗಟ್ಟಿಯಾಗಿ ಓದುತ್ತಿದ್ದೆ ಅಷ್ಟೆ. ಗಾಳಿ ನಿಂತು ಹಡಗು ಕದಲದ ಭಾಗ ಬಂದಾಗ ಮೀನುಗಾರರ ಊರಾದ ಬೈತಖೋಲದ ಹುಡುಗರೇ ಪಾಠ ಶುರು ಮಾಡಿದರು: ಅಜ್ಜಂದಿರ ಕಾಲದ ಹಾಯಿದೋಣಿ, ಗಾಳಿ ಸತ್ತರೆ ಹುಟ್ಟು ಹಾಕಿಯೇ ದಡ ಸೇರಬೇಕು. ರಾತ್ರಿ ನೀರು ಹಸಿರು, ನೀಲಿಯಾಗಿ ಉರಿಯುವ ಸಾಲುಗಳನ್ನು ನಾನು ಬರೀ ಕಲ್ಪನೆ ಎಂದು ತಿಳಿಸಹೊರಟಿದ್ದೆ. ಬಲೆ ಎಳೆವಾಗ ಕಡಲು ಹಾಗೆ ಮಿನುಗುವುದನ್ನು ಅಪ್ಪ ಕಂಡಿದ್ದಾನೆ ಎಂದಳು ಹಿಂದಿನ ಬೆಂಚಿನ ಹುಡುಗಿ. ಅದನ್ನೇ ನಾಲ್ಕು ಇಂಗ್ಲಿಷ್ ವಾಕ್ಯದಲ್ಲಿ ಬರೆಸಿದೆ. ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿ, ವಿಷಯ ಮಾತ್ರ ಅಚ್ಚುಕಟ್ಟು. ಈ ಕವಿತೆ 1798ರಲ್ಲಿ ಅಚ್ಚಾದದ್ದು. ಬರೆಯುವಾಗ ಕವಿ ಸಮುದ್ರಯಾನ ಮಾಡಿರಲೇ ಇಲ್ಲ ಎಂದು ಕೊನೆಗೆ ಹೇಳಿದರೆ ಕ್ಲಾಸಿಗೆ ಕ್ಲಾಸೇ ನಕ್ಕಿತು.

2021ರಲ್ಲಿ ನಾಲ್ಕು ವರ್ಷದ ಡಿಗ್ರಿಯ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಸಿಲೆಬಸ್ ಬದಲಾದರೂ ನನ್ನ ಕ್ರಮ ಇದೇ.

ಕಾದಂಬರಿಗೆ ಮಾತ್ರ ಇಂಥ ದಾರಿ ಸಿಗಲಿಲ್ಲ. ವಿಕ್ಟೋರಿಯಾ ಕಾಲದ ದಪ್ಪ ಪುಸ್ತಕವನ್ನು ಮೀನು ಮಾರ್ಕೆಟ್ಟಿನ ಕೆಲಸ ಮುಗಿಸಿ ಬರುವ ಹುಡುಗಿ ಯಾವಾಗ ಓದಿಯಾಳು? ಕ್ಲಾಸಿನಲ್ಲಿ ಒಂದೆರಡು ಅಧ್ಯಾಯ ಓದಿಸಿದೆ. ಉಳಿದದ್ದಕ್ಕೆ ಗೈಡೇ ಗತಿ, ಅದನ್ನೋದಿಯೇ ಪಾಸಾದರು.