ಹೆಸರಲ್ಲ, ನಂಬರ್ ನೋಡಿ: ಅಮೆರಿಕಕ್ಕೆ ಹೊಸದಾಗಿ ಬಂದವರು ದುಡ್ಡು ಕಳಿಸುವ ಮುಂಚೆ

ಊರಲ್ಲಿ ಯುಪಿಐಗೆ ಒಗ್ಗಿದ ಕೈ ಇಲ್ಲಿ ಮೊದಲ ತಿಂಗಳೇ ಎಡವುತ್ತದೆ. ಅಲ್ಲಿ ಎಳನೀರಿನವನಿಗೆ ಕೊಡುವಾಗಲೂ ಮೊದಲು ಹೆಸರು ಕಾಣಿಸುತ್ತಿತ್ತು, ಆಮೇಲೆ ಪಿನ್ ಒತ್ತುತ್ತಿದ್ದೆವು. ಇಲ್ಲಿ ವೈರ್ ಮಾಡುವಾಗ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಅವಸರಕ್ಕೆ ನೇರವಾಗಿ ದುಡ್ಡು ಕಳಿಸುವಾಗ, ಹೆಸರು ಬರೆಸಿಕೊಳ್ಳುತ್ತಾರೆ ನಿಜ. ಆದರೆ ದುಡ್ಡು ಹೋಗುವುದು ನಂಬರ್ ಹಿಡಿದುಕೊಂಡು.

ನಾನು ಬಂದ ಹೊಸದರಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ 1,400 ಡಾಲರ್ ವೈರ್ ಮಾಡಿದೆ. ಮಾಲೀಕರ ಹೆಸರು ಸರಿಯಾಗಿತ್ತು. ಅಕೌಂಟ್ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ದುಡ್ಡು ಯಾರದೋ ಅಕೌಂಟಿಗೆ ಹೋಗಿ ಕೂತಿತು. "ಹೆಸರು ಬೇರೆ ಇದೆಯಲ್ಲ, ನೀವು ನೋಡಬೇಕಿತ್ತು" ಅಂತ ಬ್ಯಾಂಕಿನಲ್ಲಿ ಜಗಳಕ್ಕೇ ನಿಂತೆ. ಕೌಂಟರಿನಾಕೆ ಏನೂ ಮಾತಾಡದೆ ನಾನು ಸಹಿ ಹಾಕಿದ್ದ ಫಾರಂ ತೋರಿಸಿದರು.

ಕಾನೂನು ಅವರ ಕಡೆಗೇ ಇತ್ತು. ಇಲ್ಲಿ ವೈರ್‌ಗೆ ಅನ್ವಯಿಸುವುದು ಯುಸಿಸಿ ಅನ್ನುವ ವಾಣಿಜ್ಯ ಸಂಹಿತೆಯ ಆರ್ಟಿಕಲ್ 4ಎ. ಹೆಸರು ಒಬ್ಬರದು, ನಂಬರ್ ಇನ್ನೊಬ್ಬರದು ಅಂತ ಬ್ಯಾಂಕಿಗೆ ಗೊತ್ತಿಲ್ಲದಿದ್ದರೆ ನಂಬರನ್ನೇ ನಂಬಿ ಜಮಾ ಮಾಡಬಹುದು. ಎರಡೂ ತಾಳೆಯಾಗುತ್ತವೆಯೇ ಅಂತ ನೋಡಲೇಬೇಕೆಂದಿಲ್ಲ. ಆದರೆ ಹೀಗಾಗಬಹುದು ಅಂತ ಕಳಿಸುವವರಿಗೆ ಮೊದಲೇ ತಿಳಿಸಿರಬೇಕು. ನಾನು ಓದದೆ ಸಹಿ ಹಾಕಿದ ಫಾರಂ ಇದ್ದದ್ದು ಅದಕ್ಕೇ! ದುಡ್ಡು ಸಿಕ್ಕಿದ್ದ ಆ ಪುಣ್ಯಾತ್ಮ ವಾಪಸ್ ಕೊಡಲು ಒಪ್ಪಿದ್ದರಿಂದ ಮೂರು ವಾರಕ್ಕೆ ದುಡ್ಡು ಬಂತು.

ಹಾಗಾಗಿ ಅವಸರವಿಲ್ಲದಿದ್ದರೆ ವೈರ್ ಬೇಡ. ಸಂಬಳ, ಕರೆಂಟ್ ಬಿಲ್ಲು ಎಲ್ಲ ಓಡಾಡುವುದು ಎಸಿಎಚ್ ಅನ್ನುವ, ಬ್ಯಾಂಕುಗಳ ನಡುವಿನ ಮಾಮೂಲಿ ವರ್ಗಾವಣೆ ಜಾಲದಲ್ಲಿ. ಒಂದೆರಡು ದಿನ ಹಿಡಿಯುತ್ತದೆ, ಆದರೆ ಸಾಮಾನ್ಯವಾಗಿ ಖರ್ಚಿಲ್ಲ. ಅದಕ್ಕೆ ಅಕೌಂಟ್ ನಂಬರಿನ ಜೊತೆ ಬ್ಯಾಂಕನ್ನು ಗುರುತಿಸುವ ರೂಟಿಂಗ್ ನಂಬರ್ ಬೇಕು; ಚೆಕ್ಕಿನ ಕೆಳಗಡೆ ಎಡಕ್ಕೆ ಇರುವ 9 ಅಂಕಿಯೇ ಅದು. ಕೆಲವು ಬ್ಯಾಂಕುಗಳಲ್ಲಿ ವೈರ್‌ಗೆ ಬೇರೆ ರೂಟಿಂಗ್ ನಂಬರ್ ಇರುತ್ತದೆ, ಕೇಳಿಕೊಳ್ಳಿ.

ಫೋನ್ ನಂಬರ್ ಅಥವಾ ಇಮೇಲ್‌ನಿಂದ ಥಟ್ಟನೆ ದುಡ್ಡು ಕಳಿಸುವ ಜೆಲ್ (Zelle) ನೋಡಲು ಯುಪಿಐ ತಮ್ಮನ ಹಾಗೆ ಇದೆ, ಅಲ್ವಾ? ಅಲ್ಲೇ ಮೋಸ ಹೋಗುವುದು. ನಿಮಗೆ ಗೊತ್ತಿಲ್ಲದೆ ಯಾರೋ ಅಕೌಂಟಿನಿಂದ ದುಡ್ಡು ತೆಗೆದರೆ 1978ರ ಎಲೆಕ್ಟ್ರಾನಿಕ್ ಹಣ ವರ್ಗಾವಣೆ ಕಾನೂನು ನಿಮ್ಮ ಜೊತೆಗಿದೆ. ಕಾರ್ಡ್ ಕಳೆದದ್ದು ಗೊತ್ತಾಗಿ ಎರಡು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ತಲೆಗೆ ಬರುವುದು ಹೆಚ್ಚೆಂದರೆ 50 ಡಾಲರ್. ತಡವಾದರೆ 500ರವರೆಗೆ. ಸ್ಟೇಟ್‌ಮೆಂಟ್ ಬಂದು 60 ದಿನ ಕಳೆದರೂ ಸುಮ್ನೆ ಕೂತರೆ, ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಆದರೆ ಯಾರದೋ ಮಾತು ನಂಬಿ ನೀವೇ ಒತ್ತಿ ಕಳಿಸಿದ್ದಕ್ಕೆ ಈ ರಕ್ಷಣೆ ಬಹುಮಟ್ಟಿಗೆ ಸಿಗುವುದಿಲ್ಲ. ಫೋಟೋದಲ್ಲಷ್ಟೇ ಕಂಡ ಮನೆಗೆ ಜೆಲ್‌ನಲ್ಲಿ ಅಡ್ವಾನ್ಸ್ ಕಳಿಸಬೇಡಿ, ದಯವಿಟ್ಟು.

ಊರಿಗೆ ಕಳಿಸುವಾಗ ಮಾತ್ರ ಕಾನೂನು ಸ್ವಲ್ಪ ಕಳಿಸುವವರ ಕಡೆಗಿದೆ. ದುಡ್ಡು ಕಟ್ಟುವ ಮುಂಚೆಯೇ ಶುಲ್ಕ, ರೇಟು, ಅಲ್ಲಿ ಎಷ್ಟು ಸೇರುತ್ತದೆ ಎಲ್ಲ ತೋರಿಸಬೇಕು. ಕಟ್ಟಿದ 30 ನಿಮಿಷದೊಳಗೆ, ಅಲ್ಲಿ ಇನ್ನೂ ಜಮಾ ಆಗಿರದಿದ್ದರೆ, ರದ್ದು ಮಾಡಬಹುದು. ಶುಲ್ಕ ಸೊನ್ನೆ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ, ರೇಟಿನಲ್ಲಿ ಹಿಡಿದುಕೊಳ್ಳುತ್ತಾರೆ. ಅಲ್ಲಿ ಎಷ್ಟು ರೂಪಾಯಿ ಸೇರುತ್ತದೆ ಅನ್ನುವುದನ್ನಷ್ಟೇ ಹೋಲಿಸಿ. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್ ಕೊಟ್ಟು ಕಳಿಸಿದರೆ ಶೇ. 1 ತೆರಿಗೆ ಇದೆ. ಇಲ್ಲಿನ ಬ್ಯಾಂಕ್ ಅಕೌಂಟಿನಿಂದ ಕಳಿಸಿದರೆ ಇಲ್ಲ. ಊರಲ್ಲಿರುವ ನಿಮ್ಮ ಹಳೇ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಒ (ಹೊರದೇಶದಲ್ಲಿ ನೆಲೆಸಿದವರ ಅಕೌಂಟ್) ಮಾಡಿಸುವುದನ್ನೂ ಜಾಸ್ತಿ ಮುಂದೂಡಬೇಡಿ.

ಇನ್ನು ಅಮ್ಮನ ಅಕೌಂಟ್ ವಿವರ. ಫೋನಿನಲ್ಲಿ ಹೇಳಿಸಿ ಬರೆದುಕೊಳ್ಳಬೇಡಿ, ಪಾಸ್‌ಬುಕ್ಕಿನ ಫೋಟೋ ತರಿಸಿಕೊಳ್ಳಿ. ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಸೊನ್ನೆ, ಇಂಗ್ಲಿಷಿನ 'ಓ' ಅಲ್ಲ. ಪಾಸ್‌ಬುಕ್ ಮೇಲೆ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಅಥವಾ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಅಂತಿದ್ದರೆ ಆ ಕೋಡ್ ಹಳೆಯದು. 2017ರಿಂದ 2020ರ ನಡುವೆ ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅಪ್ಪನನ್ನು ಒಮ್ಮೆ ಬ್ರಾಂಚಿಗೆ ಕಳಿಸಿ ಹೊಸ ಕೋಡ್ ಬರೆಸಿಕೊಂಡು ಬರಲು ಹೇಳಿ. ಮೊದಲ ಸಲ 20 ಡಾಲರ್ ಮಾತ್ರ ಕಳಿಸಿ. ಅಮ್ಮ "ಬಂತು ಕಣೋ" ಅಂದಮೇಲೆ ಉಳಿದದ್ದು.